ಓಡದೆ ಉಳಿದ ಕಾರಿನ ಬೆಲೆ

ಹಳೆಯ ಕಾರಿನ ಜಾಹೀರಾತಿನಲ್ಲಿ ಮೊದಲ ಸಾಲಿಗೇ ಬಂದು ಕೂರುವುದು ಮೀಟರಿನ ಸಂಖ್ಯೆ. ನಮ್ಮಲ್ಲಾದರೆ ಕಿಲೋಮೀಟರ್, ಅಮೆರಿಕದಲ್ಲಾದರೆ ಮೈಲಿ. ಮೂವತ್ತೈದು ವರ್ಷ ಹಳೆಯ ಓಪನ್ ಟಾಪ್ ಸ್ಪೋರ್ಟ್ಸ್ ಕಾರೊಂದು ಇಪ್ಪತ್ತು ಸಾವಿರ ಮೈಲಿಯಷ್ಟೇ ಓಡಿದೆ ಎಂದರೆ ಕೊಳ್ಳುವವರ ಕಿವಿ ನೆಟ್ಟಗಾಗುತ್ತದೆ. ಆದರೆ ಕಾರಿಗೆ ಎರಡು ವಯಸ್ಸುಗಳಿವೆ. ಓಡಿದ ದೂರದ ವಯಸ್ಸು ಒಂದು, ಕಳೆದ ಕಾಲದ ವಯಸ್ಸು ಇನ್ನೊಂದು. ದೂರವು ಎಂಜಿನ್, ಗೇರ್‌ಬಾಕ್ಸ್, ಸೀಟುಗಳನ್ನು ಸವೆಸುತ್ತದೆ. ಕಾಲವು ರಬ್ಬರು, ಪ್ಲಾಸ್ಟಿಕ್ಕು, ಎಣ್ಣೆಗಳನ್ನು ಕೆಡಿಸುತ್ತದೆ. ಅದಕ್ಕೆ ಕಾರು ಓಡಬೇಕೆಂದೇನೂ ಇಲ್ಲ, ನಿಂತಲ್ಲೇ ನಿಂತಿದ್ದರೂ ಸಾಕು. ಕಡಿಮೆ ಓಡಿದ ಹಳೆಯ ಕಾರನ್ನು ಮಾರಲು ಹೊರಟವರು ಈ ಎರಡೂ ಲೆಕ್ಕಗಳನ್ನು ಕೊಳ್ಳುವವರ ಮುಂದೆ ತೆರೆದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆಯ ಬೆಲೆ ಬರುವ ದಾರಿಯೂ ಅದೇ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಾರನ್ನೇ ಹಿಡಿದು ನೋಡೋಣ: ಮಜ್ದಾ ಕಂಪನಿಯ ಮೊದಲ ತಲೆಮಾರಿನ ಎಂಎಕ್ಸ್-5. ಅಮೆರಿಕದಲ್ಲಿ ಇದರ ಹೆಸರು ಮಿಯಾಟಾ. ಜಪಾನಿನಲ್ಲಿ ಯುನೊಸ್ ರೋಡ್‌ಸ್ಟರ್ ಎಂದು ಮಾರಾಟವಾಯಿತು. ಅಭಿಮಾನಿಗಳಿಗೆ ಇದು ಬರೀ ‘ಎನ್‌ಎ’.

1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕನ್ ಮೋಟಾರು ಪತ್ರಕರ್ತ ಮಜ್ದಾದ ಸಂಶೋಧನಾ ವಿಭಾಗದ ಹಿರಿಯ ಕೆನಿಚಿ ಯಾಮಾಮೊಟೊ ಅವರ ಬಳಿ, ನೀವೇಕೆ ಹಗುರವಾದ, ಅಗ್ಗದ, ಎರಡೇ ಸೀಟಿನ ತೆರೆದ ಕಾರು ಮಾಡಬಾರದು ಎಂದು ಕೇಳಿದ್ದ. ಬ್ರಿಟನ್ನಿನ ಎಂಜಿ ಬಿ, ಟ್ರಯಂಫ್ ಸ್ಪಿಟ್‌ಫೈರ್‌ಗಳ ತಯಾರಿಕೆ ಆಗ ಕೊನೆಯ ಹಂತದಲ್ಲಿತ್ತು; 1980ಕ್ಕೆ ಎರಡೂ ನಿಂತವು. ಓಡಿಸಲು ಖುಷಿ ಕೊಡುತ್ತಿದ್ದ, ಆದರೆ ಎಣ್ಣೆ ಸೋರುವ, ವೈರಿಂಗ್ ಕೈಕೊಡುವ ಆ ಕಾರುಗಳ ಜಾಗ ಖಾಲಿಯಾಗುತ್ತಿತ್ತು. ಹಾಲ್ ಮುಂದೆ ಮಜ್ದಾವನ್ನೇ ಸೇರಿದ. ಟಾಮ್ ಮಟಾನೊ ಮೊದಲಾದವರು ಕ್ಯಾಲಿಫೋರ್ನಿಯಾದ ವಿನ್ಯಾಸ ಕೇಂದ್ರದಲ್ಲಿ ರೂಪ ಕೊಟ್ಟರು, ತೊಷಿಹಿಕೊ ಹಿರಾಯ್ ಮುಖ್ಯ ಎಂಜಿನಿಯರಾಗಿ ಅದನ್ನು ಕಾರಾಗಿಸಿದರು. 1989ರ ಫೆಬ್ರವರಿಯಲ್ಲಿ ಷಿಕಾಗೊ ಆಟೊ ಶೋದಲ್ಲಿ ಪರದೆ ಸರಿಯಿತು. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ, ಮೇಲೇಳುವ ಹೆಡ್‌ಲೈಟು, ಕೈಯಿಂದ ಮಡಚುವ ಟಾಪ್. ಅಮೆರಿಕದಲ್ಲಿ ಆರಂಭದ ಬೆಲೆ 13,800 ಡಾಲರ್. ಬೇಡಿಕೆ ಎಷ್ಟಿತ್ತೆಂದರೆ ಡೀಲರುಗಳು ಆ ಬೆಲೆಯ ಮೇಲೆ ತಮಗೆ ತೋಚಿದಷ್ಟು ಸೇರಿಸಿ ಮಾರಿದರು.

ಮೊದಲ ತಲೆಮಾರಿನ ಕಾರುಗಳೇ ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಾದವು. ಎಂಎಕ್ಸ್-5 ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರೆಂದು 2000ದಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಹತ್ತು ಲಕ್ಷದ ಕಾರು 2016ರ ಏಪ್ರಿಲ್‌ನಲ್ಲಿ ಕಾರ್ಖಾನೆಯಿಂದ ಹೊರಬಂತು. ಇಷ್ಟು ಸಂಖ್ಯೆಯಲ್ಲಿ ಬಂದದ್ದು ಅಪರೂಪ ಹೇಗಾದೀತು? ಅಗ್ಗವಾಗಿದ್ದದ್ದೇ ಅದಕ್ಕೆ ಮುಳುವಾಯಿತು. ಕೈಬದಲಾಗುತ್ತಾ ಹೋದಂತೆ ಬೆಲೆ ಇಳಿಯಿತು, ಕಾಲೇಜು ಹುಡುಗರ ಕೈಗೆ ಬಂತು. ರೇಸ್ ಟ್ರ್ಯಾಕಿಗೆ ಇಳಿಸಿದರು, ಸ್ಪ್ರಿಂಗ್ ಕತ್ತರಿಸಿದರು, ಟರ್ಬೊ ಕೂರಿಸಿದರು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ತುಕ್ಕು ತಿಂದಿತು. ಹೀಗೆ ಎನ್‌ಎ ಸಿಗುವುದು ಈಗಲೂ ಕಷ್ಟವಲ್ಲ. ಕಾರ್ಖಾನೆಯಿಂದ ಬಂದಂತೆಯೇ ಉಳಿದ, ಕಡಿಮೆ ಓಡಿದ, ತುಕ್ಕು ಹಿಡಿಯದ ಎನ್‌ಎ ಸಿಗುವುದು ಕಷ್ಟ. ಅಂಥದ್ದೊಂದು ಗ್ಯಾರೇಜಿನಲ್ಲಿರುವವರು ಅದನ್ನು ಸಾಮಾನ್ಯ ಸೆಕೆಂಡ್‌ಹ್ಯಾಂಡ್ ಕಾರಿನಂತೆ ಡೀಲರ್ ಹೇಳಿದ ಬೆಲೆಗೆ ಬಿಟ್ಟುಕೊಟ್ಟರೆ ನಷ್ಟ ಅವರದೇ.

ಇನ್ನು ಮೀಟರಿನ ಮಾತು. ಎನ್‌ಎಯ ಸ್ಪೀಡೋಮೀಟರು ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲಿನಿಂದ ಓಡುತ್ತದೆ. ಕೇಬಲ್ ಕಳಚಿದರೆ ಅಂಕಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಮೀಟರ್ ಗುಚ್ಛವನ್ನೇ ಬಿಚ್ಚಿ ಬೇರೆ ಕಾರಿನದನ್ನು ಹಾಕುವುದೂ ಒಂದು ಮಧ್ಯಾಹ್ನದ ಕೆಲಸ. ನಮ್ಮೂರಿನ ಮೀಟರ್ ತಿರುಗಿಸುವ ಕೈಚಳಕ ಅಮೆರಿಕದಲ್ಲೂ ಗೊತ್ತಿಲ್ಲದ್ದಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕಾರು ಮಾರುವವರು ಮೀಟರಿನ ಸಂಖ್ಯೆಯನ್ನು ಮಾಲೀಕತ್ವದ ಪತ್ರದ ಮೇಲೆ ಬರೆದು ಸಹಿ ಮಾಡಬೇಕು. ಆದರೆ 2010 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹತ್ತು ವರ್ಷ ತುಂಬಿದ ಮೇಲೆ ಈ ಕಡ್ಡಾಯವಿಲ್ಲ. 2011ರ ಮಾದರಿಯಿಂದೀಚೆಗೆ ಈ ಅವಧಿ ಇಪ್ಪತ್ತು ವರ್ಷ. ಮೀಟರ್ ತಿದ್ದುವುದು ಯಾವ ವಯಸ್ಸಿನ ಕಾರಿನಲ್ಲೂ ಅಪರಾಧವೇ, ಅದು ಬೇರೆ ಮಾತು. ಆದರೆ 1990ರ ಕಾರಿನ ‘ಕಡಿಮೆ ಮೈಲಿ’ಗೆ ಸರ್ಕಾರದ ಕಾಗದ ಇಂದು ಸಾಕ್ಷಿ ಹೇಳುವುದಿಲ್ಲ. ಸಾಕ್ಷಿ ಒದಗಿಸುವ ಹೊಣೆ ಮಾರುವವರ ಮೇಲೆ ಬೀಳುತ್ತದೆ.

ಹಳೆಯ ಸರ್ವೀಸ್ ಬಿಲ್ಲುಗಳಿಗೆ ಚಿನ್ನದ ಬೆಲೆ ಬರುವುದು ಇಲ್ಲಿಯೇ. 1993ರ ಆಯಿಲ್ ಬದಲಾವಣೆಯ ಮಾಸಿದ ರಸೀದಿ, 2004ರ ಹೊಗೆ ತಪಾಸಣೆಯ ವರದಿ, ಟೈಮಿಂಗ್ ಬೆಲ್ಟ್ ಬದಲಿಸಿದಾಗ ಮೆಕ್ಯಾನಿಕ್ ಅಂಟಿಸಿದ ಚೀಟಿ: ಇವುಗಳಲ್ಲೆಲ್ಲ ದಿನಾಂಕದ ಪಕ್ಕದಲ್ಲಿ ಮೀಟರಿನ ಸಂಖ್ಯೆ ಇರುತ್ತದೆ. ವರ್ಷದ ಕ್ರಮದಲ್ಲಿ ಜೋಡಿಸಿದರೆ ಸಂಖ್ಯೆ ಮೆಲ್ಲಗೆ ಏರುತ್ತಾ ಬಂದ ಗೆರೆ ಕಾಣುತ್ತದೆ. ನಡುವೆ ಹತ್ತು ವರ್ಷದ ಕಾಗದ ಇಲ್ಲದಿದ್ದರೆ ಇಲ್ಲ ಎಂದೇ ಹೇಳಬೇಕು. ಕಾರಿನ ಹಿಂದಿನ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್‌ನಂಥ ವರದಿಗಳು ಒಂದಿಷ್ಟು ತುಂಬಿಕೊಡುತ್ತವೆ, ಪೂರ್ತಿ ಅಲ್ಲ. ಹೊಸ ಕಾರಿನ ಕಿಟಕಿಗೆ ಅಂಟಿಸಿರುವ ಬೆಲೆಪಟ್ಟಿ ಅಮೆರಿಕದಲ್ಲಿ 1958ರ ಕಾನೂನಿನಿಂದ ಕಡ್ಡಾಯವಾದದ್ದು. ಆ ಕಾನೂನು ತಂದ ಸೆನೆಟರ್ ಮನ್ರೋನಿಯವರ ಹೆಸರಿನಲ್ಲೇ ಅದನ್ನು ಮನ್ರೋನಿ ಸ್ಟಿಕರ್ ಎನ್ನುತ್ತಾರೆ. ಮೊದಲ ಮಾಲೀಕರು ಅದನ್ನು ಎತ್ತಿಟ್ಟಿದ್ದರೆ ಕಾರು ಯಾವ ಬಣ್ಣದಲ್ಲಿ, ಯಾವ ಸವಲತ್ತುಗಳೊಂದಿಗೆ, ಎಷ್ಟಕ್ಕೆ ಬಂತು ಎಂಬುದಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಬೇಡ.

ಕಾಗದದ ಜೊತೆಗೆ ಕಾರಿನ ಮೈಯೂ ಮಾತಾಡುತ್ತದೆ. ಕಡಿಮೆ ಓಡಿದ ಕಾರಿನ ಕ್ಲಚ್ ಪೆಡಲ್ ರಬ್ಬರಿನ ಗೀರುಗಳು ಅಳಿಸಿರುವುದಿಲ್ಲ. ಡ್ರೈವರ್ ಸೀಟಿನ ಹೊರ ಅಂಚು ಕುಸಿದಿರುವುದಿಲ್ಲ. ತಗ್ಗಾದ ಈ ಕಾರಿಗೆ ಹತ್ತಿ ಇಳಿಯುವಾಗಲೆಲ್ಲ ಉಜ್ಜುವುದು ಆ ಅಂಚನ್ನೇ. ಗೇರ್ ನಾಬಿನ ಮೇಲಿನ ಅಂಕಿಗಳು ಓದುವಂತಿರುತ್ತವೆ. ಬಾನೆಟ್, ಬಾಗಿಲು, ಫೆಂಡರುಗಳ ಒಳಬದಿಯಲ್ಲಿ ಕಾರ್ಖಾನೆ ಅಂಟಿಸಿದ ಗುರುತಿನ ಸಂಖ್ಯೆಯ ಚೀಟಿಗಳು ಎಷ್ಟೋ ಅಮೆರಿಕನ್ ಕಾರುಗಳಲ್ಲಿರುತ್ತವೆ. ಅವು ಉಳಿದಿದ್ದರೆ ಆ ಭಾಗ ಅಪಘಾತದಲ್ಲಿ ಬದಲಾಗಿಲ್ಲ ಎನ್ನಲು ಒಂದು ಆಧಾರ ಸಿಕ್ಕಂತೆ. ಅನುಭವಿ ಕೊಳ್ಳುಗರು ಬಣ್ಣದ ದಪ್ಪ ಅಳೆಯುವ ಮೀಟರನ್ನೂ ತರುತ್ತಾರೆ. ಅವರು ಪತ್ತೆಹಚ್ಚುವ ಮೊದಲೇ, ಎಡ ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿದ್ದೇವೆ ಎಂದು ಮಾರುವವರೇ ಹೇಳಿಬಿಡುವುದು ಒಳ್ಳೆಯದು.

ಈಗ ಕಾಲದ ಲೆಕ್ಕ. ನನ್ನ ಮಟ್ಟಿಗೆ ಇಡೀ ವ್ಯವಹಾರದ ತಿರುಳು ಇದು.

ಟೈಮಿಂಗ್ ಬೆಲ್ಟನ್ನು 60,000 ಮೈಲಿಗೆ ಬದಲಿಸಬೇಕೆಂದು ಕಂಪನಿಯ ಪುಸ್ತಕ ಹೇಳುತ್ತದೆ. ಇಪ್ಪತ್ತು ಸಾವಿರ ಓಡಿದ ಕಾರಿನಲ್ಲಿ ಹುಟ್ಟಿನಿಂದ ಬಂದ ಬೆಲ್ಟೇ ಇದ್ದರೆ, ಮೈಲಿ ಲೆಕ್ಕದಲ್ಲಿ ಅದಕ್ಕಿನ್ನೂ ಆಯುಸ್ಸಿದೆ. ರಬ್ಬರಿನ ಲೆಕ್ಕದಲ್ಲಿ ಎಂದೋ ಮುಗಿದಿದೆ. ಎನ್‌ಎಯ ಎಂಜಿನ್ನು ಬೆಲ್ಟ್ ಹರಿದರೂ ವಾಲ್ವು ಪಿಸ್ಟನ್‌ಗೆ ಬಡಿದು ನಾಶವಾಗುವ ಜಾತಿಯದಲ್ಲ, ಆ ಮಟ್ಟಿಗೆ ಪುಣ್ಯ. ಆದರೆ ಕಾರು ಹೆದ್ದಾರಿಯ ನಡುವೆ ನಿಂತೇ ನಿಲ್ಲುತ್ತದೆ. ಬೆಲ್ಟಿಗೆಂದು ಬಿಚ್ಚಿದಾಗಲೇ ವಾಟರ್ ಪಂಪ್, ಸೀಲುಗಳನ್ನೂ ಬದಲಿಸುವುದು ರೂಢಿ. ರೇಡಿಯೇಟರಿನ ಮೇಲ್ಭಾಗದ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಕಂದು, ಹಸಿರು ಬಣ್ಣಕ್ಕೆ ತಿರುಗಿದ್ದರೆ ಸೀಳುವ ದಿನ ದೂರವಿಲ್ಲವೆಂದು ಅರ್ಥ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ಓಡದ ಕಾರಿನಲ್ಲೂ ಹೀರುತ್ತದೆ. ಎಥನಾಲ್ ಬೆರೆತ ಪೆಟ್ರೋಲು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದರೆ ಹಳಸುತ್ತದೆ. ಟೈರಿನ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ನೋಡಿ: 2000ದಿಂದೀಚೆಗೆ ಅದು ತಯಾರಾದ ವಾರ ಮತ್ತು ವರ್ಷ. 3508 ಎಂದಿದ್ದರೆ 2008ರ ಮೂವತ್ತೈದನೇ ವಾರದ ಟೈರು. ಅಚ್ಚು ಎಷ್ಟೇ ಆಳವಾಗಿ ಉಳಿದಿದ್ದರೂ ಆ ರಬ್ಬರು ಕಲ್ಲಾಗಿರುತ್ತದೆ. ಅಂಥ ಟೈರಿನ ಮೇಲೆ ಅಪರಿಚಿತರನ್ನು ಟೆಸ್ಟ್ ಡ್ರೈವಿಗೆ ಕಳಿಸುವುದು ಸರಿಯಲ್ಲ.

ಓಪನ್ ಟಾಪ್ ಕಾರಿಗೆ ಇನ್ನೊಂದು ದೊಡ್ಡ ಶತ್ರು ನೀರು. ಎನ್‌ಎಯ ಟಾಪಿನ ಮೇಲೆ ಬಿದ್ದ ಮಳೆ ಸೀಟಿನ ಹಿಂದಿನ ರಬ್ಬರು ಜಾಡಿಗೆ ಇಳಿದು, ಸೀಟ್‌ಬೆಲ್ಟ್ ಕಂಬದ ಬಳಿಯಿರುವ ಎರಡು ತೂತುಗಳಿಂದ ಕಾರಿನ ಅಡಿಗೆ ಹರಿದುಹೋಗಬೇಕು. ಎಲೆ, ಧೂಳು ಸೇರಿ ಈ ದಾರಿ ಕಟ್ಟಿಕೊಂಡರೆ ನೀರು ಕಾರ್ಪೆಟ್ಟಿಗೆ ನುಗ್ಗುತ್ತದೆ, ಅಥವಾ ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ತಗಡಿನಲ್ಲಿ ನಿಂತು ಒಳಗಿನಿಂದಲೇ ಕೊರೆಯುತ್ತದೆ. ಹೊರಗೆ ಹಿಂದಿನ ಚಕ್ರದ ಮುಂಭಾಗದಲ್ಲಿ ಬಣ್ಣ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಒಳಗೆ ತಗಡೇ ಉಳಿದಿರುವುದಿಲ್ಲ. ಕಾರು ಮಾರುವ ಮೊದಲು ಒಂದು ಲೋಟ ನೀರನ್ನು ಆ ಜಾಡಿಗೆ ಮೆಲ್ಲಗೆ ಹೊಯ್ದು ಕೆಳಗೆ ಬೀಳುತ್ತದೆಯೇ ನೋಡಬೇಕು. ಬೀಳುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟರೆ ಕೊಳ್ಳುವವರು ಖಂಡಿತ ಕೇಳುವ ಪ್ರಶ್ನೆಯೊಂದಕ್ಕೆ ಉತ್ತರ ಸಿದ್ಧವಾದಂತೆ. ಬ್ಯಾಟರಿಯನ್ನೂ ನೋಡಿ. ಅದು ಇರುವುದು ಹಿಂದಿನ ಡಿಕ್ಕಿಯಲ್ಲಿ. ಅನಿಲವನ್ನು ಕೊಳವೆಯಿಂದ ಹೊರಗೆ ಬಿಡುವ ಬಗೆಯ ಬ್ಯಾಟರಿಯೇ ಅಲ್ಲಿರಬೇಕು. ಯಾರೋ ಅಗ್ಗದ ಮಾಮೂಲಿ ಬ್ಯಾಟರಿ ಇಟ್ಟಿದ್ದರೆ ಆಮ್ಲದ ಆವಿಗೆ ಡಿಕ್ಕಿಯ ನೆಲ ತುಕ್ಕಾಗಿರುತ್ತದೆ.

1990 ಮತ್ತು 1991ರ ಆರಂಭದ ಕಾರುಗಳಿಗೆ ಒಂದು ವಿಶೇಷ ಮಾತು. ಅವುಗಳ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡ. ಬೆಲ್ಟ್ ಬದಲಿಸಿದವರು ಮುಂದಿನ ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಬೆಲ್ಟಿನ ಹಲ್ಲುಚಕ್ರ ಅಲುಗಾಡಿ, ಕೀಲಿ ಕೂರುವ ತೋಡು ಸವೆದು ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ. ಮುಂದಿನ ಪುಲ್ಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ ಎಂದು ಮಿಯಾಟಾ ಬಲ್ಲವರು ಬಗ್ಗಿ ಎಣಿಸುತ್ತಾರೆ. ಗಿಡ್ಡ ಮೂತಿಯ ಕಾರುಗಳು ಎಷ್ಟೋ ಚೆನ್ನಾಗಿಯೇ ಓಡುತ್ತಿವೆ. ತನ್ನದು ಯಾವುದೆಂದು ಮಾರುವವರಿಗೆ ಗೊತ್ತಿರಬೇಕು, ಅಷ್ಟೆ.

ಇಲ್ಲೊಂದು ನಿಜವಾದ ಇಕ್ಕಟ್ಟಿದೆ. ಹಳೆಯದನ್ನೆಲ್ಲ ಬದಲಿಸಿ ಮಾರಬೇಕೋ, ಇದ್ದಂತೆಯೇ ಮಾರಬೇಕೋ? ಕೆಲವೇ ನೂರು ಮೈಲಿ ಓಡಿದ, ಪ್ರದರ್ಶನದ ವಸ್ತುವಿನಂತಿರುವ ಕಾರನ್ನು ಕೊಳ್ಳುವ ಸಂಗ್ರಾಹಕರಿಗೆ ಮೂಲ ಟೈರು, ಮೂಲ ಹೋಸ್‌ಪೈಪು ಕೂಡ ಬೇಕು. ಹತ್ತಿಪ್ಪತ್ತು ಸಾವಿರ ಮೈಲಿ ಓಡಿದ್ದನ್ನು ಕೊಳ್ಳುವವರು ಬಹುತೇಕ ಓಡಿಸುವವರು. ಅವರಿಗೆ ಬೆಲ್ಟು, ಟೈರು, ದ್ರವಗಳೆಲ್ಲ ಹೊಸದಾಗಿರುವುದೇ ಬೆಲೆ. ಓಡಾಟಕ್ಕೂ ಸುರಕ್ಷತೆಗೂ ಬೇಕಾದುದನ್ನು ಬದಲಿಸಿ, ಬಿಲ್ಲಿಟ್ಟು, ತೆಗೆದ ಮೂಲ ಭಾಗಗಳನ್ನು ಡಬ್ಬದಲ್ಲಿಟ್ಟು ಕಾರಿನ ಜೊತೆಗೇ ಕೊಡುವುದು ನನಗೆ ಸರಿ ಕಾಣುತ್ತದೆ. ಆದರೆ ಚೆಂದಕ್ಕೆಂದು ಪೂರ್ತಿ ಬಣ್ಣ ಹೊಡೆಸಬೇಡಿ. ಸಣ್ಣ ಕಲ್ಲೇಟಿನ ಗುರುತುಗಳಿರುವ ಮೂಲ ಬಣ್ಣ ಹೊಳೆಯುವ ಹೊಸ ಬಣ್ಣಕ್ಕಿಂತ ಹೆಚ್ಚು ಬೆಲೆ ತರುತ್ತದೆ. ಹೊಸ ಬಣ್ಣದ ಕೆಳಗೆ ಏನಿದೆಯೋ ಎಂಬ ಅನುಮಾನ ಕೊಳ್ಳುವವರನ್ನು ಬಿಡುವುದಿಲ್ಲ. ಬಿಚ್ಚಿಡಬಹುದಾದ ಹಾರ್ಡ್‌ಟಾಪ್ ಇದ್ದರಂತೂ ಅದೊಂದೇ ಸಾವಿರ ಡಾಲರಿಗೂ ಹೆಚ್ಚು ಬಾಳುತ್ತದೆ.

ಮಜ್ದಾ ಕಂಪನಿಯೇ 2017ರಲ್ಲಿ ಜಪಾನಿನಲ್ಲಿ ಎನ್‌ಎ ಕಾರುಗಳನ್ನು ಹಿರೋಷಿಮಾದಲ್ಲಿ ಪುನರುಜ್ಜೀವನಗೊಳಿಸುವ ಯೋಜನೆ ಪ್ರಕಟಿಸಿತು. ಟಾಪ್, ಮರದ ಸ್ಟೀರಿಂಗ್, ಹಳೆಯ ನಮೂನೆಯ ಟೈರುಗಳವರೆಗೆ ಮೂಲ ಭಾಗಗಳನ್ನು ಮತ್ತೆ ತಯಾರಿಸಿತು. ಕಂಪನಿ ತಾನು ಹಿಂದೆಂದೋ ಮಾರಿದ ಅಗ್ಗದ ಕಾರಿಗೆ ಇಷ್ಟು ಮರ್ಯಾದೆ ಕೊಡುವುದು ಅಪರೂಪ, ಸಂತೋಷದ ಸಂಗತಿ.

ಬೆಲೆ ಕಟ್ಟುವಾಗ ಬೇರೆಯವರು ಕೇಳುತ್ತಿರುವ ಬೆಲೆಯನ್ನು ನೋಡಬಾರದು, ನಿಜಕ್ಕೂ ಕೈಸೇರಿದ ಬೆಲೆಯನ್ನು ನೋಡಬೇಕು. ಜಾಹೀರಾತಿನಲ್ಲಿ ಯಾರು ಎಷ್ಟು ಬೇಕಾದರೂ ಬರೆಯಬಹುದು. ಬ್ರಿಂಗ್ ಎ ಟ್ರೇಲರ್, 2020ರಲ್ಲಿ ಶುರುವಾದ ಕಾರ್ಸ್ ಆ್ಯಂಡ್ ಬಿಡ್ಸ್ ಮುಂತಾದ ಆನ್‌ಲೈನ್ ಹರಾಜುಗಳಲ್ಲಿ ಮುಗಿದ ಮಾರಾಟಗಳ ಬೆಲೆ ಎಲ್ಲರಿಗೂ ಕಾಣುವಂತಿರುತ್ತದೆ. ಹಳೆಯ ಕಾರುಗಳ ವಿಮೆ ಮಾಡುವ ಹ್ಯಾಗರ್ಟಿ ಸಂಸ್ಥೆಯ ಬೆಲೆಪಟ್ಟಿ ಒಂದೇ ಮಾದರಿಗೆ ಸ್ಥಿತಿಗನುಗುಣವಾಗಿ ನಾಲ್ಕು ದರ್ಜೆಯ ಬೆಲೆ ಕೊಡುತ್ತದೆ. ತಮ್ಮ ಕಾರು ಮೊದಲ ದರ್ಜೆಯದೆಂದು ಎಲ್ಲ ಮಾಲೀಕರಿಗೂ ಅನ್ನಿಸುತ್ತದೆ. ಮೊದಲ ದರ್ಜೆಯೆಂದರೆ ಸ್ಪರ್ಧೆಯ ವೇದಿಕೆಯಲ್ಲಿ ಬಹುಮಾನ ಗೆಲ್ಲುವ ಕಾರು; ಜೋಪಾನವಾಗಿ ಇಟ್ಟು ಭಾನುವಾರಕ್ಕೊಮ್ಮೆ ಓಡಿಸಿದ್ದು ಹೆಚ್ಚೆಂದರೆ ಎರಡನೆಯದು. 1991ರ ಹಸಿರು, 1992ರ ಹಳದಿಯಂಥ ಸೀಮಿತ ಆವೃತ್ತಿಗಳ ಲೆಕ್ಕ ಬೇರೆ.

ಹರಾಜಿಗೆ ಹಾಕಿದರೆ ಮಾರುವವರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ನೂರಾರು ಫೋಟೊ ಬೇಕು, ಅದರಲ್ಲೂ ಕಾರನ್ನು ಎತ್ತಿ ನಿಲ್ಲಿಸಿ ತೆಗೆದ ಅಡಿಭಾಗದ ಫೋಟೊಗಳು. ರಾತ್ರಿಯೆಲ್ಲ ನಿಂತ ಎಂಜಿನ್ನನ್ನು ಬೆಳಿಗ್ಗೆ ಮೊದಲ ಸಲ ಶುರು ಮಾಡುವ ವಿಡಿಯೊ ಬೇಕು. ಎನ್‌ಎ ಎಂಜಿನ್ನು ಬಹಳ ದಿನ ನಿಂತು ಎದ್ದಾಗ ವಾಲ್ವಿನ ಕಡೆಯಿಂದ ಟಕಟಕ ಎನ್ನುವುದುಂಟು. ಆ ಸದ್ದನ್ನು ಕತ್ತರಿಸಿ ಹಾಕಿದರೆ ಗೊತ್ತಿರುವವರಿಗೆ ಗೊತ್ತಾಗುತ್ತದೆ. ವಾರವಿಡೀ ಪ್ರಶ್ನೆಗಳು ಬರುತ್ತವೆ, ಒರಟಾದವೂ ಇರುತ್ತವೆ. ಎಲ್ಲಕ್ಕೂ ಬೇಗ, ಚುಟುಕಾಗಿ, ದಾಖಲೆಯೊಂದಿಗೆ ಉತ್ತರಿಸುವ ಮಾರಾಟಗಾರರ ಕಾರಿಗೆ ಕೂಗು ಏರುವುದನ್ನು ಯಾರಾದರೂ ಕುಳಿತು ನೋಡಬಹುದು. ಕನಿಷ್ಠ ಬೆಲೆಯ ರಕ್ಷಣೆ ಇಟ್ಟುಕೊಳ್ಳುವುದೋ, ಬಂದಷ್ಟಕ್ಕೆ ಬಿಡುವುದೋ ಎಂಬುದು ಅವರವರ ಧೈರ್ಯ. ಹಿಮ ಬೀಳುವ ಊರುಗಳಲ್ಲಿ ಓಪನ್ ಟಾಪ್ ಕಾರಿಗೆ ಗಿರಾಕಿ ಹುಟ್ಟುವುದು ವಸಂತ ಬಂದಾಗ. ಡಿಸೆಂಬರಿನಲ್ಲಿ ಅವಸರ ಬೇಡ.

ಎಲ್ಲರಿಗೂ ಕಾಯುವ ಅನುಕೂಲ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ದುಡಿದು ಬೆಂಗಳೂರಿಗೋ ಮೈಸೂರಿಗೋ ಮರಳುವ ಕನ್ನಡಿಗರಿಗೆ ಇಂಥ ಕಾರನ್ನು ಜೊತೆಗೆ ತರುವ ಆಸೆಯಿದ್ದರೂ ದಾರಿಯಿಲ್ಲ. ಭಾರತಕ್ಕೆ ತರುವ ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆಗಿರಬೇಕು, ಮುಂಬೈ ಬಂದರಿನಿಂದಲೇ ಬರಬೇಕು, ಮೇಲೆ ಭಾರೀ ಸುಂಕ. ಎಡಗಡೆ ಸ್ಟೀರಿಂಗಿನ ಮೂವತ್ತು ವರ್ಷದ ಮಿಯಾಟಾ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಹೊರಡುವುದು ನಿಶ್ಚಯವಾದ ಕೂಡಲೇ ಮಾರಾಟದ ತಯಾರಿ ಶುರು ಮಾಡಿದರೆ ವಿಮಾನ ಹತ್ತುವ ವಾರದಲ್ಲಿ ಸಿಕ್ಕಷ್ಟಕ್ಕೆ ಕೊಟ್ಟು ಬರುವ ಸಂಕಟ ತಪ್ಪುತ್ತದೆ.

ಕೊಳ್ಳುವವರು ಮನೆಗೆ ಬಂದಾಗ ಅವರ ಡ್ರೈವಿಂಗ್ ಲೈಸೆನ್ಸ್ ನೋಡಿ, ವಿಮೆ ಇದೆಯೇ ಕೇಳಿ, ಕ್ಲಚ್ ಇರುವ ಕಾರು ಓಡಿಸಿ ರೂಢಿಯಿದೆಯೇ ಎಂದೂ ಕೇಳಿ. ಅಮೆರಿಕದಲ್ಲಿ ಬಹಳ ಮಂದಿಗೆ ಇಲ್ಲ. ತಮ್ಮದೇ ಮೆಕ್ಯಾನಿಕ್ಕಿನಿಂದ ತಪಾಸಣೆ ಮಾಡಿಸುತ್ತೇವೆಂದರೆ ಸಂತೋಷದಿಂದ ಒಪ್ಪಬೇಕು. ಹಣದ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ನಕಲಿ ಬ್ಯಾಂಕ್ ಚೆಕ್ಕು ಕೊಟ್ಟು ಕಾರು ಒಯ್ಯುವ ಮೋಸ ಹಳೆಯದು. ಕೊಳ್ಳುವವರ ಬ್ಯಾಂಕಿನ ಶಾಖೆಯಲ್ಲೇ ಭೇಟಿಯಾಗಿ, ಚೆಕ್ಕು ಕಣ್ಣೆದುರೇ ಬರೆಸಿಕೊಂಡರೆ ನಿಶ್ಚಿಂತೆ. ಹಣ ಕೈಸೇರಿದ ಮೇಲೆಯೇ ಮಾಲೀಕತ್ವದ ಪತ್ರಕ್ಕೆ ಸಹಿ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಜನ ಈಗಲೂ ಪಿಂಕ್ ಸ್ಲಿಪ್ ಎನ್ನುತ್ತಾರೆ.

ಆ ರಾಜ್ಯದಲ್ಲಿ 1976 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಉಂಟು. ಮಾರುವಾಗ ತೊಂಬತ್ತು ದಿನದೊಳಗಿನ ಪ್ರಮಾಣಪತ್ರ ಒದಗಿಸುವುದು ಮಾರುವವರ ಜವಾಬ್ದಾರಿ. ಬಹಳ ದಿನ ನಿಂತ ಕಾರನ್ನು ನೇರ ತಪಾಸಣೆಗೆ ಒಯ್ದರೆ ಫೇಲಾಗುವ ಸಾಧ್ಯತೆ ಹೆಚ್ಚು. ಹೊಸ ಪೆಟ್ರೋಲು ಹಾಕಿ, ಎಂಜಿನ್ ಚೆನ್ನಾಗಿ ಕಾಯುವಷ್ಟು ದೂರ ಓಡಿಸಿಕೊಂಡು ಹೋಗಬೇಕು. ಮಾರಾಟವಾದ ಐದು ದಿನದೊಳಗೆ ಸಾರಿಗೆ ಇಲಾಖೆಗೆ ಹಸ್ತಾಂತರದ ಸೂಚನೆ ಕಳಿಸದಿದ್ದರೆ ಹೊಸಬರ ಪಾರ್ಕಿಂಗ್ ದಂಡ, ಟೋಲ್ ಬಾಕಿಗಳು ಹಳೆಯ ಮಾಲೀಕರ ಮನೆಗೇ ಬರುತ್ತವೆ. ಅದಾದ ಮೇಲೆ ವಿಮೆ ರದ್ದು ಮಾಡಿಸಬೇಕು, ಮೊದಲೇ ಮಾಡಿಸಬಾರದು.

ಕೀ ಕೊಡುವಾಗ ಹೇಳಲೇಬೇಕಾದ ಮಾತೊಂದಿದೆ. ಎನ್‌ಎಯ ಹಿಂದಿನ ಕಿಟಕಿ ಗಾಜಲ್ಲ, ಮೆದುವಾದ ಪಾರದರ್ಶಕ ಪ್ಲಾಸ್ಟಿಕ್. ಟಾಪ್ ಮಡಚುವ ಮೊದಲು ಅದರ ಜಿಪ್ಪನ್ನು ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಬೇಕು. ಹಾಗೆಯೇ ಮಡಚಿದರೆ ಮಡಿಕೆ ಬಿದ್ದಲ್ಲಿ ಮಸುಕಾಗುತ್ತದೆ, ಚಳಿಯಲ್ಲಾದರೆ ಸೀಳಿಯೇ ಹೋಗುತ್ತದೆ. ಮೂವತ್ತೈದು ವರ್ಷ ಸೀಳದೆ ಉಳಿದ ಮೂಲ ಕಿಟಕಿ ಹೊಸ ಮಾಲೀಕರ ಮೊದಲ ಬಿಸಿಲ ದಿನವೇ ಹರಿಯದಿರಲು, ಒಮ್ಮೆ ಅವರ ಕೈಯಿಂದಲೇ ಟಾಪ್ ಇಳಿಸಿ ಏರಿಸಿ ತೋರಿಸಿಕೊಡಿ.